ಮತ್ತೆ ಕ್ಲಾರಿನೆಟ್ ಹಿಡಿಯುವವರ ತುಟಿ, ಹಲ್ಲು ಮತ್ತು ಮೌತ್‌ಪೀಸ್

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ವಾದ್ಯ ಊದುವವರಿಗೆ ಅಕ್ಷರಶಃ ಅನ್ವಯಿಸುತ್ತದೆ. ಹರೆಯದಲ್ಲಿ ಊರಿನ ಬ್ಯಾಂಡ್ ಸೆಟ್ಟಿನಲ್ಲೋ, ನಾಟಕದ ಮೇಳದಲ್ಲೋ ಕ್ಲಾರಿನೆಟ್ ನುಡಿಸಿದವರು ಮುಂದೆ ನೌಕರಿ, ಹೊಲಮನೆ, ಮಕ್ಕಳ ಮದುವೆಯ ಗಡಿಬಿಡಿಯಲ್ಲಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾರೆ. ನಿವೃತ್ತಿಯಾಗಿ ಕೈಗೆ ಬಿಡುವು ಬಂದಾಗ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿಯುತ್ತದೆ. ವಾದ್ಯ ಹಾಗೆಯೇ ಇರುತ್ತದೆ. ಅದನ್ನು ಹಿಡಿಯುವ ಬಾಯಿ ಮಾತ್ರ ಮೂವತ್ತು ವರ್ಷ ಹಳೆಯದಾಗಿರುತ್ತದೆ.

ಸಮೀರವಾಡಿಯ ಸುತ್ತಮುತ್ತಲಿನ ಊರುಗಳಲ್ಲಿ ಇಂಥವರು ಸಿಗುವುದು ಅಪರೂಪವಲ್ಲ. ಅರವತ್ತು ದಾಟಿದ ಹಿರಿಯರೊಬ್ಬರು ಕೆಳತುಟಿ ಬಿಡಿಸಿ ತೋರಿಸುತ್ತ ಕೇಳಿದ್ದರು: "ಸಾಹೇಬ್ರ, ಮೊದಲ ತಾಸಗಟ್ಲೆ ಊದತಿದ್ನಿರಿ, ಏನೂ ಆಗತಿರಲಿಲ್ಲ. ಈಗ ಹತ್ತ ನಿಮಿಷಕ್ಕ ತುಟಿ ಹರದ ರಕ್ತ ಬರಾಕತ್ತೈತಿ. ವಯಸ್ಸಾತು, ಇನ್ನ ಬಿಟ್ಟಬಿಡೂದ ಛಲೋ ಏನ್ರಿ?"

ಬಿಡಬೇಕಾಗಿಲ್ಲ ಎಂಬುದೇ ನನ್ನ ಉತ್ತರವಾಗಿತ್ತು. ಅವರು ಬಳಸುತ್ತಿದ್ದುದು ಹರೆಯದಲ್ಲಿ ಬಳಸಿದ ಅದೇ ಮೌತ್‌ಪೀಸ್, ಅದೇ ಗಟ್ಟಿ ರೀಡ್. ಇಪ್ಪತ್ತೈದರ ಬಾಯಿಗೆ ಒಪ್ಪಿದ್ದು ಅರವತ್ತರ ಬಾಯಿಗೆ ಒಪ್ಪಲೇಬೇಕೆಂದಿಲ್ಲ. ಕನ್ನಡಕದ ನಂಬರನ್ನು ಕಾಲಕಾಲಕ್ಕೆ ಬದಲಿಸುವ ನಾವು ಮೌತ್‌ಪೀಸ್ ವಿಷಯದಲ್ಲಿ ಹಟ ಹಿಡಿಯುವುದೇಕೆ?

ಆರೋಗ್ಯದ ಅಂಕಣದಲ್ಲಿ ವಾದ್ಯದ ಮಾತೇಕೆ ಎಂದು ಕೆಲವು ಓದುಗರು ಕೇಳಬಹುದು. ಊದುವ ಹವ್ಯಾಸ ಇಳಿವಯಸ್ಸಿನವರ ಉಸಿರಿಗೆ, ಬೆರಳುಗಳಿಗೆ, ನೆನಪಿಗೆ, ಎಲ್ಲಕ್ಕಿಂತ ಮಿಗಿಲಾಗಿ ಮನಸ್ಸಿಗೆ ಒಳ್ಳೆಯ ವ್ಯಾಯಾಮ. ಸರಿಯಾದ ಸಲಹೆ ಸಿಗದೆ ಅದನ್ನು ಬಿಟ್ಟುಬಿಡುವವರು ಒಂದು ಕಡೆ. ಬಾಯಿಯ ಗಂಭೀರ ಕಾಯಿಲೆಯನ್ನು 'ಊದಿ ಆದ ಗಾಯ' ಎಂದು ಕಡೆಗಣಿಸುವವರು ಇನ್ನೊಂದು ಕಡೆ. ಇಬ್ಬರಿಗೂ ಈ ಮಾತು ಬೇಕಾಗಿದೆ.

ಸನಾದಿಗೂ ಕ್ಲಾರಿನೆಟ್‌ಗೂ ವ್ಯತ್ಯಾಸ

ಊದುವ ವಾದ್ಯ ನಮ್ಮ ಭಾಗಕ್ಕೆ ಹೊಸದಲ್ಲ. ಕರಡಿ ಮಜಲಿನ ಜೊತೆಗೆ ಸನಾದಿ ಕೇಳಿ ಬೆಳೆದವರು ನಾವು. ಬೀಳಗಿಯ ಸನಾದಿ ಅಪ್ಪಣ್ಣನವರ ಹೆಸರು ಕೇಳದವರು ವಿರಳ. ಬೀಳಗಿಯವರೇ ಆದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿ 1977ರಲ್ಲಿ 'ಸನಾದಿ ಅಪ್ಪಣ್ಣ' ಚಲನಚಿತ್ರ ಬಂತು. ತೆರೆಯ ಮೇಲೆ ರಾಜಕುಮಾರ್ ಊದಿದ ಶಹನಾಯಿಯ ಹಿಂದೆ ಇದ್ದ ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನರದು.

ಸನಾದಿಯಲ್ಲಿ ಎರಡು ತೆಳು ಪದರಗಳ ರೀಡ್ ತುಟಿಗಳ ನಡುವೆ ಇರುತ್ತದೆ; ಹಲ್ಲು ಅದಕ್ಕೆ ತಾಗುವುದಿಲ್ಲ. ಕ್ಲಾರಿನೆಟ್ ಹಾಗಲ್ಲ. ಜರ್ಮನಿಯ ನ್ಯೂರೆಂಬರ್ಗ್ ನಗರದ ಡೆನ್ನರ್ ಎಂಬ ಕುಶಲಕರ್ಮಿ 1700ರ ಆಸುಪಾಸಿನಲ್ಲಿ ರೂಪಿಸಿದನೆನ್ನಲಾದ ಈ ವಾದ್ಯಕ್ಕೆ ಹಕ್ಕಿಯ ಕೊಕ್ಕಿನಂಥ ತುದಿ ಇದೆ. ಇದೇ ಮೌತ್‌ಪೀಸ್. ಇದರ ಕೆಳಬದಿಗೆ ಒಂದೇ ರೀಡನ್ನು ಪಟ್ಟಿಯಿಂದ ಬಿಗಿಯುತ್ತಾರೆ. ಮೇಲಿನ ಎದುರು ಹಲ್ಲುಗಳು ಮೌತ್‌ಪೀಸಿನ ಬೆನ್ನ ಮೇಲೆ ಕೂರುತ್ತವೆ. ಕೆಳತುಟಿ ಕೆಳಗಿನ ಹಲ್ಲುಗಳ ಮೇಲೆ ಮಡಚಿಕೊಂಡು ರೀಡಿಗೆ ಮೆತ್ತೆಯಾಗುತ್ತದೆ. ಅಂದರೆ ಕೆಳತುಟಿ ಎರಡು ಗಟ್ಟಿ ವಸ್ತುಗಳ ನಡುವೆ ಸಿಕ್ಕಿರುತ್ತದೆ: ಮೇಲೆ ರೀಡ್, ಕೆಳಗೆ ನಮ್ಮದೇ ಹಲ್ಲು.

ಹರೆಯದಲ್ಲಿ ತುಟಿಯನ್ನು ಸುತ್ತುವರಿದ ಸ್ನಾಯು ಬಲವಾಗಿರುತ್ತದೆ. ರೀಡನ್ನು ಸ್ನಾಯುವೇ ಹಿಡಿಯುತ್ತದೆ. ವರ್ಷಗಟ್ಟಲೆ ಬಿಟ್ಟಾಗ ಆ ಬಲ ಕುಂದುತ್ತದೆ. ಆಗ ನಮಗೆ ಅರಿವಿಲ್ಲದೆಯೇ ದವಡೆ ಆ ಕೆಲಸಕ್ಕೆ ಬರುತ್ತದೆ, ಊದುವುದು ಕಚ್ಚುವುದಾಗುತ್ತದೆ. ಜೊತೆಗೆ ವಯಸ್ಸಾದಂತೆ ಹಲ್ಲಿನ ಅಂಚು ಸವೆದು ಹರಿತವಾಗಿರುತ್ತದೆ, ವಸಡು ಹಿಂದೆ ಸರಿದಿರುತ್ತದೆ, ತುಟಿ ತೆಳುವಾಗಿರುತ್ತದೆ. ರಕ್ತದೊತ್ತಡ, ನಿದ್ರೆ, ಖಿನ್ನತೆಗಳಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಹೃದಯದ ತೊಂದರೆಗಾಗಿ ಆಸ್ಪಿರಿನ್ ಸೇವಿಸುವವರಲ್ಲಿ ಸಣ್ಣ ಗಾಯದಿಂದಲೂ ಹೆಚ್ಚು ಹೊತ್ತು ರಕ್ತ ಒಸರಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ, ವಸಡೂ ಸಡಿಲವಾಗುತ್ತದೆ.

ಅಂಗಡಿಗೆ ಮೊದಲು ದವಾಖಾನೆಗೆ

ಮೌತ್‌ಪೀಸ್ ಕೊಳ್ಳುವ ಮೊದಲು ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇರಿಸಿ ಬಾಯಲ್ಲಿ ಹಿಡಿಸುತ್ತವೆಯೇ ನೋಡಿ. ಹಿಡಿಸದಿದ್ದರೆ, ಗುಟ್ಕಾ, ಅಡಿಕೆ, ತಂಬಾಕಿನ ಚಟವೂ ಇದ್ದರೆ, ಬಾಯಿಯ ಒಳಪದರ ಗಡುಸಾಗುವ ಕಾಯಿಲೆಯ ಅನುಮಾನ ಪಡಬೇಕು. ರಾಜ್ಯದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾದರೂ ಅದು ಮಾಡಿಹೋದ ಹಾನಿ ಎಷ್ಟೋ ಬಾಯಿಗಳಲ್ಲಿ ಉಳಿದಿದೆ. ಈ ಕಾಯಿಲೆ ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಇಂಥವರಿಗೆ ಬೇಕಾದುದು ತೆಳುವಾದ ಮೌತ್‌ಪೀಸ್ ಅಲ್ಲ, ತಜ್ಞರ ಪರೀಕ್ಷೆ.

ಇನ್ನೊಂದು ಮಾತನ್ನು ದಯವಿಟ್ಟು ನೆನಪಿಡಿ. ಊದಿದ್ದರಿಂದ ತುಟಿಯ ಒಳಗೆ ಆದ ಗಾಯ, ಊದುವುದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಾಯುತ್ತದೆ. ಎರಡು ವಾರ ಬಿಡುವು ಕೊಟ್ಟರೂ ಮಾಯದ ಹುಣ್ಣು, ಗಟ್ಟಿಯಾದ ಅಂಚು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ವಾದ್ಯವನ್ನು ದೂರುತ್ತ ಕೂರಬೇಡಿ. ನೋವಿಲ್ಲ ಎಂಬ ಕಾರಣಕ್ಕೆ ಸುಮ್ಮನಿರುವುದಂತೂ ಅಪಾಯ. ಬಾಯಿಯ ಕ್ಯಾನ್ಸರ್ ಮೊದಮೊದಲು ನೋಯುವುದೇ ಇಲ್ಲ. ಆ ಹಂತದಲ್ಲಿ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ದಂತವೈದ್ಯರಲ್ಲಿಗೆ ಹೋದಾಗ ಕ್ಲಾರಿನೆಟ್ ಊದುವ ವಿಷಯ ತಿಳಿಸಿ, ಸಾಧ್ಯವಾದರೆ ವಾದ್ಯವನ್ನೇ ಒಯ್ದು ತೋರಿಸಿ. ಅಲುಗಾಡುವ ಎದುರು ಹಲ್ಲಿನ ಮೇಲೆ ದಿನವೂ ಭಾರ ಹಾಕಿದರೆ ಅದು ಮತ್ತಷ್ಟು ಸಡಿಲವಾಗುತ್ತದೆ. ಕೆಳಗಿನ ಹಲ್ಲಿನ ಹರಿತ ಅಂಚನ್ನು ನಯಗೊಳಿಸುವುದು, ಇಲ್ಲವೇ ಊದುವಾಗ ಮಾತ್ರ ಹಾಕಿಕೊಳ್ಳುವ ತೆಳುವಾದ ಅಕ್ರಿಲಿಕ್ ಹೊದಿಕೆ ಮಾಡಿಕೊಡುವುದು ಅವರಿಗೆ ಕಷ್ಟದ ಕೆಲಸವಲ್ಲ. ಮೇಲ್ದವಡೆಗೆ ಪೂರ್ತಿ ಕಟ್ಟಿಸಿದ ಹಲ್ಲಿನ ಸೆಟ್ ಇದ್ದವರಿಗೆ ಮುಂದೆ ಭಾರ ಬಿದ್ದಾಗ ಹಿಂದೆ ಸೆಟ್ ಎದ್ದುಬರುತ್ತದೆ. ಇಂಥವರು ಮೇಲ್ತುಟಿಯನ್ನೂ ಹಲ್ಲಿನ ಮೇಲೆ ಮಡಚಿ ಎರಡೂ ತುಟಿಗಳಿಂದ ಹಿಡಿಯುವ ಪದ್ಧತಿ ಕಲಿಯಬಹುದು. ಇದು ಹೊಸದೇನಲ್ಲ, ಹಿಂದಿನ ಅನೇಕ ವಾದಕರು ಹೀಗೆಯೇ ನುಡಿಸುತ್ತಿದ್ದರು.

ಗ್ಲಾಕೋಮಾ ಇರುವವರು ಕಣ್ಣಿನ ವೈದ್ಯರಿಗೆ ಹೇಳಿಯೇ ಆರಂಭಿಸಬೇಕು. ಬಲವಾಗಿ ತಡೆಹಿಡಿದು ಊದುವಾಗ ಕಣ್ಣಿನೊಳಗಿನ ಒತ್ತಡ ಆ ಹೊತ್ತಿಗೆ ಏರುತ್ತದೆ. ಓಬೋ, ಟ್ರಂಪೆಟ್‌ಗಳಲ್ಲಿ ಇದು ಹೆಚ್ಚು, ಕ್ಲಾರಿನೆಟ್‌ನಲ್ಲಿ ಕಡಿಮೆ. ಆದರೆ ಅಗಲ ಬಾಯಿಯ ಮೌತ್‌ಪೀಸಿಗೆ ಗಟ್ಟಿ ರೀಡ್ ಕಟ್ಟಿ ಹೆಣಗಾಡಿದರೆ ಆ ಅನುಕೂಲ ಕೈತಪ್ಪುತ್ತದೆ. ಹರ್ನಿಯಾ ಅಥವಾ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರು ಶಸ್ತ್ರವೈದ್ಯರು ಒಪ್ಪುವವರೆಗೆ ವಾದ್ಯ ಮುಟ್ಟಬಾರದು.

ಕೂದಲೆಳೆಯ ಲೆಕ್ಕ

ಈಗ ಆಯ್ಕೆಯ ವಿಷಯಕ್ಕೆ ಬರೋಣ. ಮೌತ್‌ಪೀಸಿನ ತುದಿಗೂ ರೀಡಿನ ತುದಿಗೂ ನಡುವೆ ಇರುವ ಕಿರಿದಾದ ಸಂದಿಯೇ ಇಲ್ಲಿ ಮುಖ್ಯ. ಉಸಿರು ಒಳನುಗ್ಗುವ ಬಾಗಿಲು ಇದು. ಇದರ ಅಳತೆ ಸುಮಾರು ಒಂದು ಮಿಲಿಮೀಟರ್. ಹೋಲಿಕೆಗೆ ಹೇಳುವುದಾದರೆ, ಬ್ಯಾಂಕಿನ ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಕಲಿಯುವವರ ಕ್ಲಾರಿನೆಟ್ ಜೊತೆಗೆ ಸಾಮಾನ್ಯವಾಗಿ ಬರುವ ಯಮಹಾ 4ಸಿ ಮೌತ್‌ಪೀಸಿನಲ್ಲಿ ಈ ಸಂದಿ 1.05 ಮಿ.ಮೀ. ಫ್ರಾನ್ಸಿನ ವ್ಯಾಂಡೊರೆನ್ ಕಂಪನಿಯ 5ಆರ್‌ವಿ ಲೈರ್‌ನಲ್ಲಿ 1.09, ಅದೇ ಕಂಪನಿಯ ಜನಪ್ರಿಯ ಬಿ45ರಲ್ಲಿ 1.195. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಹೆಚ್ಚುಕಡಿಮೆ ಎರಡು ಕೂದಲೆಳೆಯ ದಪ್ಪದಷ್ಟು. ಆದರೆ ತುಟಿಗೆ ಅದು ದೊಡ್ಡ ಅಂತರ.

ಸಂದಿ ಅಗಲವಾದಷ್ಟೂ ರೀಡನ್ನು ಹೆಚ್ಚು ಬಾಗಿಸಬೇಕು. ತುಟಿ, ಉಸಿರು ಎರಡಕ್ಕೂ ಕೆಲಸ ಹೆಚ್ಚು. ಆದ್ದರಿಂದ ಅಗಲ ಸಂದಿಗೆ ಮೆದು ರೀಡ್, ಕಿರಿದಾದ ಸಂದಿಗೆ ತುಸು ಗಟ್ಟಿ ರೀಡ್ ಹೊಂದುತ್ತದೆ. ಅಗಲ ಸಂದಿ, ಗಟ್ಟಿ ರೀಡ್ ಎರಡೂ ಕೂಡಿದರೆ ಅದು ವೃತ್ತಿಪರರ ಬಲಿಷ್ಠ ತುಟಿಗೇ ಸೈ. ಮತ್ತೆ ಆರಂಭಿಸುವವರಿಗೆ 1.05ರಿಂದ 1.10 ಮಿ.ಮೀ.ವರೆಗಿನ ಮಧ್ಯಮ ಅಳತೆ, ಜೊತೆಗೆ 2 ಅಥವಾ 2½ ನಂಬರಿನ ರೀಡ್ ಕ್ಷೇಮಕರ. ರೀಡಿನ ನಂಬರ್ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ ಎಂಬುದನ್ನು ಮರೆಯಬೇಡಿ. ಒಂದರ ಎರಡೂವರೆ ಇನ್ನೊಂದರ ಮೂರಕ್ಕೆ ಸಮವಾಗಿರುತ್ತದೆ.

ನಮ್ಮ ಸಂಗೀತ ನುಡಿಸುವವರಿಗೆ ಇಲ್ಲೊಂದು ತೊಡಕಿದೆ. ರಾಯಚೂರು ಸೀಮೆಯ ಪಂಡಿತ ನರಸಿಂಹಲು ವಡವಾಟಿಯವರಂಥವರು ಈ ಪಾಶ್ಚಾತ್ಯ ವಾದ್ಯದಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ತೋರಿಸಿದರು. ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತದಲ್ಲಿ ಅದನ್ನು ಮೆರೆಸಿದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಗಮಕಗಳಿಗೆ ರೀಡ್ ತುಟಿಯ ಮಾತು ಕೇಳಬೇಕು. ಸಂದಿ ತುಸು ಅಗಲವಿದ್ದು ರೀಡ್ ಮೆದುವಾಗಿದ್ದರೆ ಇದು ಸುಲಭ. ಇಂಥ ಆಸೆ ಇರುವವರು ಮೊದಲ ಆರು ತಿಂಗಳು ಮಧ್ಯಮ ಅಳತೆಯಲ್ಲಿ ತುಟಿಯ ಬಲ ಕೂಡಿಸಿಕೊಂಡು, ನಂತರ ಅಗಲದ ಕಡೆಗೆ ಹೋಗುವುದು ಒಳ್ಳೆಯದು.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ

ಮೌತ್‌ಪೀಸ್ ಕೊಳ್ಳಲು ಹೋಗುವಾಗ ನಿಮ್ಮದೇ ವಾದ್ಯ, ನಿಮಗೆ ಹೊಂದಿದ ಒಂದು ರೀಡ್, ಕಟ್ಟಿಸಿದ ಹಲ್ಲಿದ್ದರೆ ಅದನ್ನೂ ಹಾಕಿಕೊಂಡು ಹೋಗಿ. ಮೀರತ್‌ನ ಜಲಿ ಕೋಠಿಯಂಥ ಬ್ಯಾಂಡ್ ಪೇಟೆಗಳಿಂದ ದಶಕಗಳ ಹಿಂದೆ ತರಿಸಿದ ವಾದ್ಯಗಳು, ಹಳೆಯ ಪದ್ಧತಿಯ ಕೀಲಿಗಳಿರುವ ವಾದ್ಯಗಳು ನಮ್ಮಲ್ಲಿ ಇನ್ನೂ ಇವೆ. ಹೊಸ ಮೌತ್‌ಪೀಸ್ ಅವುಗಳ ಕೊರಳಿಗೆ ಸರಿಯಾಗಿ ಕೂರದಿರಬಹುದು. ಕೂತರೂ ಒಳರಂಧ್ರದ ಅಳತೆ ಬೇರೆಯಾಗಿ ಶ್ರುತಿ ತಪ್ಪಬಹುದು. ಹೆಚ್ಚಾಗಿ ಬಳಕೆಯಲ್ಲಿರುವ ಬಿ-ಫ್ಲಾಟ್ ಕ್ಲಾರಿನೆಟ್ ಆದರೆ ಎಲ್ಲ ರಂಧ್ರಗಳನ್ನೂ ತೆರೆದು ಊದಿದಾಗ ಬರುವ ಸ್ವರ ಹಾರ್ಮೋನಿಯಂನ ಬಿಳಿ ನಾಲ್ಕಕ್ಕೆ ಕೂಡಬೇಕು. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್‌ಗಳಿಂದಲೂ ಇದನ್ನು ನೋಡಬಹುದು. ಶ್ರುತಿ ಕೂಡದ ಮೌತ್‌ಪೀಸನ್ನು ತುಟಿಯಿಂದ ಒತ್ತಿ ಒತ್ತಿ ಸರಿಪಡಿಸಲು ಹೋಗುವುದೇ ಎಷ್ಟೋ ಗಾಯಗಳಿಗೆ ಮೂಲ.

ಒಂದೇ ರೀಡನ್ನು ಎರಡು-ಮೂರು ಮೌತ್‌ಪೀಸ್‌ಗಳಿಗೆ ಕಟ್ಟಿ ನೋಡಿ. ಪ್ರತಿಯೊಂದರಲ್ಲೂ ಕೆಳಗಿನ, ನಡುವಿನ, ಮೇಲಿನ ಸ್ವರಗಳನ್ನು ಮೆಲ್ಲಗೆ ದೀರ್ಘವಾಗಿ ಊದಿ. ಜೋರಾಗಿ ಊದಿದಾಗ ಎಲ್ಲ ಮೌತ್‌ಪೀಸ್‌ಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಮೆಲ್ಲಗೆ ಊದಿದಾಗ ಸ್ವರ ತಾನಾಗಿ ಹುಟ್ಟುತ್ತದೆಯೇ ಎಂಬುದೇ ಪರೀಕ್ಷೆ. ಸ್ವರ ಬರಲು ದವಡೆ ಬಿಗಿಯಬೇಕಾಗಿ ಬಂದರೆ ಅದನ್ನು ಬದಿಗಿಡಿ. ಹತ್ತು ನಿಮಿಷದ ನಂತರ ತುಟಿಯ ಒಳಭಾಗ ನೋಡಿಕೊಳ್ಳಿ. ಹಲ್ಲಿನ ಗುರುತು ತಿಳಿಯಾಗಿ ಮೂಡಿದ್ದರೆ ಸಹಜ. ಆಳವಾಗಿ ಕೊರೆದಂತಿದ್ದರೆ ಆ ಮೌತ್‌ಪೀಸ್-ರೀಡ್ ಜೋಡಿ ನಿಮ್ಮದಲ್ಲ. ಮರುದಿನ ಬೆಳಿಗ್ಗೆ ಕಿವಿಯ ಮುಂದೆ ದವಡೆಯ ಕೀಲಿನಲ್ಲಿ ನೋವಿದ್ದರೂ ಅದೇ ತೀರ್ಪು. ಅಂಚೆಯಲ್ಲಿ, ಆನ್‌ಲೈನ್‌ನಲ್ಲಿ ತರಿಸುವವರು ಹಿಂದಿರುಗಿಸುವ ಷರತ್ತನ್ನು ಮೊದಲೇ ಓದಿಕೊಳ್ಳಬೇಕು.

ಹಳೆಯ ಮೌತ್‌ಪೀಸನ್ನೇ ಬಳಸುವ ಆಸೆಯಿದ್ದರೆ ಬೆಳಕಿಗೆ ಹಿಡಿದು ಅಂಚು ನೋಡಿ. ತುದಿ ಚಕ್ಕೆ ಎದ್ದಿದ್ದರೆ, ಬೆನ್ನ ಮೇಲೆ ಹಲ್ಲು ಕೊರೆದ ಕುಳಿ ಆಳವಾಗಿದ್ದರೆ ಬಿಟ್ಟುಬಿಡಿ. ಕುಳಿ ಇಲ್ಲದಿದ್ದರೆ ಹಲ್ಲು ಕೂರುವ ಜಾಗಕ್ಕೆ ಅಂಟಿಸುವ ರಬ್ಬರಿನಂಥ ತೆಳು ಪಟ್ಟಿ ಸಿಗುತ್ತದೆ. ಬೆಲೆ ಅಲ್ಪ, ಉಪಕಾರ ಬಹಳ. ಅದು ಹಲ್ಲಿಗೆ ಬರುವ ನಡುಕವನ್ನು ತಗ್ಗಿಸುತ್ತದೆ; ಹಲ್ಲು ಜಾರದಿರುವುದರಿಂದ ಕಚ್ಚುವ ಚಟವೂ ಕಡಿಮೆಯಾಗುತ್ತದೆ.

ಮೌತ್‌ಪೀಸ್ ತಯಾರಾಗುವುದು ಎಬೊನೈಟ್ ಎಂಬ ಗಟ್ಟಿ ರಬ್ಬರಿನಿಂದ ಇಲ್ಲವೇ ಪ್ಲಾಸ್ಟಿಕ್‌ನಿಂದ. ಪ್ಲಾಸ್ಟಿಕ್ ಎಂದು ಹೀಗಳೆಯಬೇಕಾಗಿಲ್ಲ. ಆರೋಗ್ಯದ ದೃಷ್ಟಿಯಿಂದ ಎರಡೂ ಸಮ. ರೀಡಿನ ಬೆತ್ತದಂಥ ಜೊಂಡಿಗೆ ಕೆಲವರ ತುಟಿ ಒಗ್ಗದೆ ತುರಿಕೆ, ಊತ ಬರುವುದುಂಟು. ಅಂಥವರಿಗೂ ಬಾಯಿ ಒಣಗುವವರಿಗೂ ಕೃತಕ ರೀಡ್ ಅನುಕೂಲ. ಅದನ್ನು ತೊಳೆಯುವುದೂ ಸುಲಭ.

ಒಬ್ಬರ ಎಂಜಲು ಇನ್ನೊಬ್ಬರಿಗೆ

ಬ್ಯಾಂಡ್ ಸೆಟ್ಟುಗಳಲ್ಲಿ ಒಂದೇ ಮೌತ್‌ಪೀಸನ್ನು ನಾಲ್ವರು ಊದುವುದು ವಾಡಿಕೆ. ಉಂಡ ತಟ್ಟೆಯ ಎಂಜಲನ್ನು ಅಷ್ಟೊಂದು ನೋಡುವ ನಾವು ಇಲ್ಲಿ ಏಕೋ ಉದಾರಿಗಳು. ಒದ್ದೆ ರೀಡಿನಲ್ಲಿ ರೋಗಾಣುಗಳು ಬದುಕಿರುತ್ತವೆ. ನೆಗಡಿ, ತುಟಿಯ ನೀರ್ಗುಳ್ಳೆ ಹೀಗೆ ಹರಡಬಹುದು. ಮೊಮ್ಮಗನಿಗೆ ಕಲಿಸುವುದಾದರೂ ಅವನಿಗೊಂದು ಬೇರೆ ಮೌತ್‌ಪೀಸ್, ರೀಡ್ ಇರಲಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದವರು ಊದುವುದನ್ನು ನಿಲ್ಲಿಸಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಬೇಕು.

ಸಕ್ಕರೆ ಕಾರ್ಖಾನೆಯ ಊರಿನವರಿಗೆ ಒಂದು ವಿಶೇಷ ಎಚ್ಚರಿಕೆ. ಬೂಸು ಹಿಡಿದ ಬಗಾಸಿನ ಧೂಳನ್ನು ಉಸಿರಾಡಿದವರಿಗೆ ಬರುವ ಬಗಾಸೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಹೆಸರು ಇಲ್ಲಿ ಕೆಲವರಿಗಾದರೂ ಪರಿಚಿತ. ಸ್ವಚ್ಛ ಮಾಡದ ವಾದ್ಯದಲ್ಲಿ ಬೆಳೆದ ಬೂಸಿನಿಂದಲೂ ಇದೇ ಜಾತಿಯ ಕಾಯಿಲೆ ಬರಬಹುದು. ಬ್ರಿಟನ್ನಿನ 61 ವರ್ಷದ ಬ್ಯಾಗ್‌ಪೈಪ್ ವಾದಕರೊಬ್ಬರ ಪ್ರಕರಣ 2016ರಲ್ಲಿ 'ಥೊರಾಕ್ಸ್' ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ವಾದ್ಯ ಬಿಟ್ಟು ಮೂರು ತಿಂಗಳು ಪರದೇಶದಲ್ಲಿದ್ದಾಗ ಅವರ ಉಸಿರಾಟ ಸುಧಾರಿಸಿತ್ತು. ಮರಳಿ ಊದಿದಾಗ ಮತ್ತೆ ಕೆಟ್ಟಿತು. ಕೊನೆಗೆ ಅವರು ಉಳಿಯಲಿಲ್ಲ. ಇಂಥದ್ದು ತೀರ ಅಪರೂಪ, ಹೆದರಬೇಕಾಗಿಲ್ಲ. ಆದರೆ ಮೂವತ್ತು ವರ್ಷ ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗ ಹಳೆಯ ರೀಡುಗಳನ್ನು ನಿರ್ದಾಕ್ಷಿಣ್ಯವಾಗಿ ಎಸೆಯಿರಿ. ವಾದ್ಯದ ಒಳಗನ್ನು ಒರೆಸಿ, ಗಾಳಿಗೆ ಆರಿಸಿದ ಮೇಲೆಯೇ ತುಟಿಗೆ ಇಡಿ.

ಸ್ವಚ್ಛತೆಗೆ ದೊಡ್ಡ ಸಾಹಸ ಬೇಡ. ಊದಿದ ಮೇಲೆ ರೀಡ್ ಬಿಚ್ಚಿ ಒರೆಸಿ ಬೇರೆ ಇಡಿ. ವಾರಕ್ಕೊಮ್ಮೆ ಮೌತ್‌ಪೀಸನ್ನು ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪಿನಿಂದ ತೊಳೆದು ಮೆತ್ತನೆಯ ಬಟ್ಟೆಯಿಂದ ಒರೆಸಿ. ಕಾರ್ಕ್ ಸುತ್ತಿದ ಭಾಗ ನೆನೆಯದಿರಲಿ. ಕುದಿಯುವ ನೀರು, ಬಿಸಿಲು ಎರಡೂ ಎಬೊನೈಟಿಗೆ ಶತ್ರು. ಬಣ್ಣ ಹಸಿರುಗಟ್ಟುತ್ತದೆ, ಗಂಧಕದ ವಾಸನೆ ಬರುತ್ತದೆ, ಆಕಾರವೂ ಕೆಡುತ್ತದೆ. ಮೂರು-ನಾಲ್ಕು ರೀಡುಗಳನ್ನು ಸರದಿಯಂತೆ ಬಳಸಿದರೆ ಪ್ರತಿಯೊಂದೂ ಪೂರ್ತಿ ಒಣಗಲು ಸಮಯ ಸಿಗುತ್ತದೆ.

ಎಷ್ಟು ಹೊತ್ತು?

ಮೊದಲ ವಾರ ದಿನಕ್ಕೆ ಎರಡು ಸಲ, ಪ್ರತಿ ಸಲ ಹತ್ತು ನಿಮಿಷ ಸಾಕು. ವಾರಕ್ಕೆ ಐದು ನಿಮಿಷದಂತೆ ಏರಿಸುತ್ತ ಅರ್ಧ ತಾಸಿಗೆ ತನ್ನಿ. ತುಟಿಯ ಇಕ್ಕೆಲದಲ್ಲಿ ಗಾಳಿ ಸೋರಲಾರಂಭಿಸಿತೆಂದರೆ ಸ್ನಾಯು ದಣಿದಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ. ಅದರ ಮೇಲೆ ಊದುವ ಪ್ರತಿ ನಿಮಿಷವೂ ಹಲ್ಲಿನಿಂದ ಊದುವ ನಿಮಿಷ. ಮುಕ್ಕಾಲು ಕಿಲೋಗ್ರಾಂ ಆಸುಪಾಸಿನ ವಾದ್ಯದ ಭಾರವನ್ನೆಲ್ಲ ಬಲಗೈ ಹೆಬ್ಬೆರಳೇ ಹೊರುವುದರಿಂದ, ಬೆರಳಿನ ಕೀಲುನೋವು ಇರುವವರು ಕೊರಳಿಗೆ ಹಾಕುವ ಪಟ್ಟಿ ಬಳಸಬೇಕು. ತಲೆ ಸುತ್ತಿದರೆ, ಎದೆ ಹಿಡಿದಂತಾದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಅಪ್ಪನಿಗೋ ಅಜ್ಜನಿಗೋ ಉಡುಗೊರೆ ಕೊಡುವ ಉತ್ಸಾಹದಲ್ಲಿ ಹೆಸರಾಂತ ಕಂಪನಿಯ ದುಬಾರಿ ಮೌತ್‌ಪೀಸನ್ನು ನೀವೇ ಆರಿಸಿ ತರಬೇಡಿ. ಬೇರೆಯವರ ಅಳತೆಯ ಚಪ್ಪಲಿ ಎಷ್ಟು ಬೆಲೆಯದಾದರೂ ಕಾಲು ಕಚ್ಚುತ್ತದೆ. ಅವರನ್ನೇ ಅಂಗಡಿಗೆ ಕರೆದೊಯ್ಯಿರಿ, ಅವಸರ ಮಾಡದೆ ಪಕ್ಕದಲ್ಲಿ ಕುಳಿತಿರಿ. ಮೊದಲ ಒಂದೆರಡು ತಿಂಗಳು ಮನೆಯಲ್ಲಿ ಬಾತುಕೋಳಿ ಕೂಗಿದಂಥ ಸದ್ದು ಕೇಳಬೇಕಾದೀತು, ನಗಬೇಡಿ. ತುಟಿಗೆ ಬಲ ಬರುವವರೆಗೆ ಕಾಯುವ ತಾಳ್ಮೆ ಊದುವವರಿಗೆ ಎಷ್ಟು ಬೇಕೋ ಕೇಳುವವರಿಗೂ ಅಷ್ಟೇ ಬೇಕು.